ಹಬೆಯಲ್ಲಿ ಹೋಗುವ ಸೌದೆ

ನಮ್ಮ ಡೆಂಕಣಿಕೋಟೆ ಕಡೆಯ ಹಿರಿಯರಿಗೆ ಇದ್ದಿಲು ಗೂಡು ಗೊತ್ತು. ಸೌದೆ ಬೆಂದು ಇದ್ದಿಲಾಗುತ್ತದೆ, ಮಿಕ್ಕಿದ್ದು ಹೊಗೆ. 1923ರಲ್ಲಿ ಉರಿ ಕಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆ ಹೊಗೆಯನ್ನೂ ತಣಿಸಿ ಟಾರು, ಮರದ ಸ್ಪಿರಿಟು ಪಡೆಯಿತು.

ಕಾದ ಹಬೆ ಹಾಯಿಸಿಯೂ ಸೌದೆಯನ್ನು ಹೀಗೆ ಭಟ್ಟಿ ಇಳಿಸಬಹುದು. ಖರ್ಚಿರುವುದು ಹಬೆಯಲ್ಲೇ. ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ ಕುದಿಗೆ ತರಲು 70 ಕಿಲೋಕ್ಯಾಲರಿ ಸಾಕು. ಹಬೆಯಾಗಿಸಲು ಇನ್ನೂ 540 ಬೇಕು. ಹಬೆ ತಣಿದಾಗ ಆ 540 ತಣಿಸುವ ನೀರಿಗೆ ಸೇರುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ಸೌದೆಯನ್ನೇ ಚರಂಡಿಗೆ ಹಾಕಿದಂತೆ! ಬಾಯ್ಲರಿಗೆ ತಿರುಗಿಸಿದರೂ ಉಳಿತಾಯ 70ರೊಳಗೇ. ಮಿಕ್ಕ ಶಾಖದಿಂದ ಹಸಿ ಸೌದೆ ಒಣಗಿಸುವುದೇ ಹೆಚ್ಚು ಲಾಭವೆಂದು ನನ್ನೆಣಿಕೆ. ಅದರೊಳಗಿನ ಪ್ರತಿ ಕಿಲೋ ನೀರೂ ಒಲೆಯಿಂದ ಅದೇ 610 ಕೇಳುತ್ತದೆ. ತಣಿಯದೆ ಉಳಿದ ಅನಿಲವೂ ಉರಿಯುತ್ತದೆ, ಅದನ್ನು ಒಲೆಗೇ ಕೊಡಿ.