ಗಡಿಯೂ ಹೊಳೆಯೂ



ರಾಷ್ಟ್ರಗಳ ಕಲಹಕ್ಕೆ ಧ್ವಜ, ಘೋಷಣೆಗಳು ಹೊರಗಣ ವೇಷ ಮಾತ್ರ. ನೆಲ, ಜಲ, ನುಡಿಗಳೇ ಒಳಗಣ ಮೂಲ. ಇದನ್ನರಿಯಲು ದೂರದೇಶಕ್ಕೆ ಹೋಗಬೇಕಾದುದಿಲ್ಲ.

1967ರಲ್ಲಿ ಮಹಾಜನ ಆಯೋಗವು ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ ಬೆಳಗಾವಿಯು ಮೈಸೂರು ರಾಜ್ಯದಲ್ಲಿಯೇ ಇರಬೇಕೆಂದೂ ಸೂಚಿಸಿತು. ಮಹಾರಾಷ್ಟ್ರವು ಅದನ್ನೊಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೃಷ್ಣೆಯ ನೀರಿನ ಪಾಲಿಗಾಗಿ 1969ರಲ್ಲಿಯೇ ನ್ಯಾಯಾಧಿಕರಣವು ನೇಮಕವಾಗಿದ್ದಿತು.

ಹೊಳೆಗಾದರೋ ಗಡಿಕಲ್ಲಿನ ಪರಿವೆಯಿಲ್ಲ. 2019ರಲ್ಲಿ ಸಾಂಗಲಿಯನ್ನು ಮುಳುಗಿಸಿದ ನೀರೇ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಗಳ ಹೊಲಗಳನ್ನೂ ನುಂಗಿತು. ಬೇಸಿಗೆಯಲ್ಲಿ ಅದೇ ಹೊಲದ ರೈತನು ಕೋಯ್ನೆಯ ನೀರಿಗೆ ಕಾಯುತ್ತಾನೆ.

1960ರ ಸಿಂಧೂ ಒಪ್ಪಂದವು 1965, 1971ರ ಯುದ್ಧಗಳಲ್ಲಿಯೂ ಮುರಿಯಲಿಲ್ಲ. 2025ರಲ್ಲಿ, ಪಹಲ್ಗಾಮಿನ ಹತ್ಯಾಕಾಂಡದ ತರುವಾಯ, ಭಾರತವು ಅದನ್ನು ತಡೆಹಿಡಿಯಿತು. ಒಂದು ಕಲಹವು ಮತ್ತೊಂದನ್ನು ಎಳೆದು ತರುವ ಬಗೆಯಿದು. ಆದಕಾರಣ, ಮೇಲ್ದಡದವನು ಕೆಳದಡದವನ ದಾಹವನ್ನು ತನ್ನದೆಂದೆಣಿಸಿದಲ್ಲಿ ಮಾತ್ರ ನೆರೆಹೊರೆಯು ಬಾಳೀತು.