ದಾರಿ ಬಿಟ್ಟುಕೊಡುವುದೂ ಅಮಾನತ್

ಸರ್ವಸ್ತುತಿಯೂ ಸಕಲ ಜೀವಿಗಳಿಗೆ ಅನ್ನಾಧಾರ ನೀಡುವ ಅಲ್ಲಾಹನಿಗೆ ಮೀಸಲು. ಪ್ರವಾದಿವರ್ಯರ(ಸ) ಮೇಲೆ ಶಾಂತಿಯಿರಲಿ.

ಮಾನ್ಯ ಸಹೋದರ ಸಹೋದರಿಯರೇ, ಪವಿತ್ರ ಕುರ್‌ಆನ್‌ನಲ್ಲಿ ಜಾನುವಾರು, ಜೇನುನೊಣ, ಇರುವೆ, ಜೇಡಗಳ ಹೆಸರಿನ ಅಧ್ಯಾಯಗಳಿವೆ. ಹಾಗಾಗಿ ಪ್ರಾಣಿಗಳನ್ನು ನೋಡಿ ಚಿಂತಿಸುವುದು ನಮಗೆ ಹೊಸದಲ್ಲ. ಇಂದು ನಮ್ಮ ಮಕ್ಕಳು ಟಿ.ವಿ.ಯಲ್ಲಿ ನೋಡುವ ಆಫ್ರಿಕದ ವೈಲ್ಡ್‌ಬೀಸ್ಟ್ ಬಗ್ಗೆ ಯೋಚಿಸೋಣ. ದನದಂಥ ಕೊಂಬು, ಕುದುರೆಯಂಥ ಬಾಲ, ಮೇಕೆಯಂಥ ಗಡ್ಡವಿರುವ ಹುಲ್ಲೆ ಜಾತಿಯ ಪ್ರಾಣಿ ಅದು.

ಟಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಾಸಾಯಿ ಮಾರಾ ಬಯಲುಗಳಲ್ಲಿ ಇವು ಸುಮಾರು 13 ಲಕ್ಷ ಇವೆ. ಮಳೆ ಬಿದ್ದು ಹುಲ್ಲು ಚಿಗುರಿದ ಕಡೆಗೆ ವರ್ಷವಿಡೀ ನಡೆಯುತ್ತವೆ. ಫೆಬ್ರವರಿ ಹೊತ್ತಿಗೆ ದಕ್ಷಿಣದ ಬಯಲಲ್ಲಿ ಕರು ಹಾಕುತ್ತವೆ. ಅಲ್ಲಿನ ಮಣ್ಣು ಜ್ವಾಲಾಮುಖಿಯ ಬೂದಿಯಿಂದಾದದ್ದು. ಹುಲ್ಲು ಗಿಡ್ಡ, ಆದರೆ ಹಾಲೂಡುವ ತಾಯಿಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿದೆ. ಹೆಚ್ಚಿನ ಕರುಗಳು ಎರಡು ಮೂರು ವಾರಗಳೊಳಗೇ ಹುಟ್ಟುತ್ತವೆ. ಒಮ್ಮೆಗೇ ಇಷ್ಟು ಹುಟ್ಟಿದರೆ ಸಿಂಹ, ಕತ್ತೆಕಿರುಬಗಳು ಎಷ್ಟೆಂದು ತಿಂದಾವು? ಕರುವೂ ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಮುಂದೆ ಮಾರಾ ನದಿ ದಾಟುವಾಗ ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ಮುಳುಗಿ ಸಾಯುತ್ತವೆ. ಅವು ಮೀನಿಗೂ ರಣಹದ್ದಿಗೂ ಆಹಾರ. ಮೂಳೆಗಳು ವರ್ಷಗಟ್ಟಲೆ ನದಿಗೆ ಗೊಬ್ಬರ. ಅಲ್ಲಾಹನ ವ್ಯವಸ್ಥೆಯಲ್ಲಿ ಸಾವೂ ವ್ಯರ್ಥವಾಗುವುದಿಲ್ಲ.

ಇನ್ನು ಮನುಷ್ಯನ ಪಾತ್ರವನ್ನು ನೋಡೋಣ. 1890ರ ದಶಕದಲ್ಲಿ ಸಾಕುದನಗಳ ಮೂಲಕ ರಿಂಡರ್‌ಪೆಸ್ಟ್ ಅಲ್ಲಿಗೆ ತಲುಪಿತು. ನಮ್ಮ ಅಜ್ಜಂದಿರ ಕೊಟ್ಟಿಗೆಗಳನ್ನು ಬರಿದು ಮಾಡಿದ್ದ ದೊಡ್ಡರೋಗವೇ ಅದು. ದನಗಳು ಸತ್ತವು, ವೈಲ್ಡ್‌ಬೀಸ್ಟ್‌ಗಳು ಸತ್ತವು, ದನಗಳನ್ನೇ ನಂಬಿದ್ದ ಮಾಸಾಯಿ ಜನರು ಹಸಿವಿನಿಂದ ಸತ್ತರು. 1960ರ ದಶಕದ ಆರಂಭದಲ್ಲಿ ಸೆರೆಂಗೆಟಿಯಲ್ಲಿದ್ದದ್ದು ಸುಮಾರು ಎರಡೂವರೆ ಲಕ್ಷ ವೈಲ್ಡ್‌ಬೀಸ್ಟ್. ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ ರೋಗ ಕಾಡಿನಿಂದಲೂ ಹೋಯಿತು. ಕಾಡುಪ್ರಾಣಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಆದರೂ 1970ರ ದಶಕದ ಕೊನೆಗೆ ಅವು 13 ಲಕ್ಷ ದಾಟಿದವು!

ಅದೇ ಖಂಡದ ಬೋಟ್ಸ್ವಾನಾದಲ್ಲಿ ಬೇರೆಯೇ ನಡೆಯಿತು. ದನಗಳಿಗೆ ಕಾಲುಬಾಯಿ ರೋಗ ತಗಲಬಾರದೆಂದು 1950ರ ದಶಕದಿಂದ ನೂರಾರು ಕಿಲೋಮೀಟರ್ ಬೇಲಿ ಹಾಕಿದರು. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಬರ ಬಂದಾಗ ಕಲಹಾರಿಯ ವೈಲ್ಡ್‌ಬೀಸ್ಟ್‌ಗಳು ನೀರು ಹುಡುಕಿ ಹೊರಟವು. ತಲೆಮಾರುಗಳಿಂದ ನಡೆದ ದಾರಿಗೆ ತಂತಿ ಅಡ್ಡ ಬಂದಿತ್ತು. 1980ರ ದಶಕದ ಬರದಲ್ಲಿ ಹತ್ತಾರು ಸಾವಿರ ಪ್ರಾಣಿಗಳು ಬಾಯಾರಿ, ಹಸಿದು ಸತ್ತವು.

ಸಹೋದರರೇ, ಎರಡೂ ಕಡೆ ಜನರು ಕಾಪಾಡಲು ಹೊರಟದ್ದು ತಮ್ಮ ದನಗಳನ್ನೇ. ಒಂದು ಕಡೆ ಅದು ಕಾಣದ ಲಕ್ಷಾಂತರ ಜೀವಗಳಿಗೆ ಬದುಕಾಯಿತು, ಇನ್ನೊಂದು ಕಡೆ ಸಾವಾಯಿತು. ನಮ್ಮದನ್ನು ಕಾಪಾಡಿಕೊಳ್ಳುವುದು ನಮ್ಮ ಹೊಣೆ. ಬೇಲಿಯ ಆಚೆ ಯಾರಿದ್ದಾರೆಂದು ಕೇಳುವುದೂ ನಮ್ಮ ಹೊಣೆಯೇ. ಕಾಂಪೌಂಡ್ ಕಟ್ಟುವಾಗ, ಕೆರೆಯ ಅಂಚಿನ ಜಾಗ ಕೊಳ್ಳುವಾಗ ನಾವು ಹಾಗೆ ಕೇಳುತ್ತೇವೆಯೇ? ದಾರಿಯಿಂದ ತೊಂದರೆ ಸರಿಸುವುದನ್ನು ಈಮಾನಿನ ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ದಾರಿ ಮನುಷ್ಯರದ್ದು ಮಾತ್ರ ಎಂದು ನಾವೇಕೆ ಭಾವಿಸಬೇಕು?

ಭೂಮಿಯನ್ನು ನಮಗೆ ಅಮಾನತ್ ಆಗಿ ಕೊಟ್ಟ ಅಲ್ಲಾಹನು, ನಮ್ಮ ಕೈಯಿಂದ ಯಾವ ಮೂಕಜೀವಿಯ ದಾರಿಯೂ ಮುಚ್ಚದಂತೆ ನಮ್ಮನ್ನು ಕಾಪಾಡಲಿ. ಆಮೀನ್.