ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ

ಪುಣೆಯಿಂದ ಮುಂಬೈಗೆ ಕಾರಲ್ಲಿ ಓಡಾಡೋರು ಇದನ್ನ ಕೇಳಿ. ಖಂಡಾಳಾ ಘಾಟನ್ನ ಪೂರ್ತಿ ಬ್ರೇಕ್ ಮೇಲೇ ಇಳೀತೀವಿ, ಖಾಲಾಪುರ ಟೋಲ್‌ನಲ್ಲಿ ಪೆಡಲ್ ಒತ್ತಿಕೊಂಡೇ ನಿಲ್ತೀವಿ. ಕಾದ ಡಿಸ್ಕಿಗೆ ಪ್ಯಾಡಿನ ಪದರ ಅಲ್ಲೇ ಒಂದು ಕಡೆ ಅಂಟಿಕೊಳ್ಳಬಹುದು.

ನಾನೂ ಹಾಗೇ ಮಾಡ್ತಿದ್ದೆ. ಎಂಬತ್ತರಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ. ಗ್ಯಾರೇಜಿನವರು “ಡಿಸ್ಕ್ ಬೆಂಡ್” ಅಂದರು, ಎರಡೂ ಬದಲಿಸಿದರು. ಕೆಲವೇ ತಿಂಗಳು, ಮತ್ತೆ ಅದೇ ನಡುಕ! ಬೇರೆ ಮೆಕ್ಯಾನಿಕ್ ಬಿಚ್ಚಿ ತೋರಿಸಿದ: ಹಬ್ ಮೇಲಿನ ತುಕ್ಕು ಉಜ್ಜದೇ ಹೊಸ ಡಿಸ್ಕ್ ಕೂರಿಸಿದ್ದರು. ಅದು ಓಲಾಡ್ತಾ ಒಂದೊಂದು ಕಡೆ ಒಂದೊಂದು ಥರ ಸವೆದಿತ್ತು. ಬಹಳ ಸಲ ಡಿಸ್ಕ್ ಬಾಗಿರೋದೇ ಇಲ್ಲ, ದಪ್ಪ ಹೆಚ್ಚುಕಮ್ಮಿ ಆಗಿರುತ್ತೆ. ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ವ್ಯತ್ಯಾಸ ಸಾಕು, ಕೈಗೆ ಗೊತ್ತಾಗುತ್ತೆ.

ಬ್ರೇಕ್ ಒತ್ತದೇನೂ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಮೇಲೆ ಅನುಮಾನ. ಸೀಟು ಅದುರಿದರೆ ಹಿಂದಿನದು. ದುಡ್ಡು ಬಿಚ್ಚೋ ಮುಂಚೆ ಡಯಲ್ ಗೇಜ್ ಇಟ್ಟು ಅಳೆಯೋಕೆ ಹೇಳಿ. ಚಕ್ರದ ನಟ್ಟುಗಳನ್ನ ಗನ್ನಿಂದ ಬಿಗಿದು ಬಿಡೋಕೆ ಬಿಡಬೇಡಿ, ಟಾರ್ಕ್ ರೆಂಚ್ ಕೇಳಿ. ಮುಖ ಸಿಂಡರಿಸ್ತಾರೆ, ಇರಲಿ.

ಘಾಟ್ ಇಳಿಯುವಾಗ ಸೆಕೆಂಡ್ ಇಲ್ಲಾ ಥರ್ಡ್ ಗೇರ್. ಟೋಲ್‌ನಲ್ಲಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕಾಲು ಪೆಡಲ್‌ನಿಂದ ಆಚೆ.